ದೊಡ್ಡ ಕಂಪನಿಗೆ ಕಾಯುವ ಮೊದಲು

ಪ್ರಶ್ನೆ: ಮೇಡಂ, ನಮ್ಮದು ಸುಮಾರು 80,000 ಜನ ಇರುವ ಊರು. ಈಚೆಗೆ ಬೇಗ ಬೇಗ ಬೆಳೆಯುತ್ತಿದೆ. ಮುಂದಿನ ಹದಿನೈದು ವರ್ಷಕ್ಕೆ ಆರ್ಥಿಕ ಅಭಿವೃದ್ಧಿ ಯೋಜನೆ ಬರೆಯುವ ಸಮಿತಿಗೆ ನನ್ನನ್ನೂ ಸೇರಿಸಿದ್ದಾರೆ. ‘ಒಂದು ದೊಡ್ಡ ಕಂಪನಿ ತಂದರೆ ಸಾಕು, ಉಳಿದದ್ದು ತಾನಾಗೇ ಆಗುತ್ತೆ. ಜಾಗ, ತೆರಿಗೆ ರಿಯಾಯಿತಿ ಏನು ಬೇಕೋ ಕೊಡೋಣ’ ಅಂತ ಹೆಚ್ಚಿನವರ ಮಾತು. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಎದುರು ಮಾತಾಡಲು ನನ್ನ ಹತ್ತಿರ ವಿಷಯವೂ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಮನಸ್ಸು ಹಿಂದೇಟು ಹಾಕುತ್ತಿರುವುದು ಸರಿಯಾಗೇ ಇದೆ. ನಾನು ಇಪ್ಪತ್ತಾರು ವರ್ಷ ನಗರ ಯೋಜನೆಯ ಕೆಲಸ ಮಾಡಿದವಳು. ಮೊದಲ ಯೋಜನೆ ಬರೆಯುವಾಗ ನಾವೂ ಇದನ್ನೇ ನಂಬಿದ್ದೆವು. ಊರ ಹೊರಗೆ ಕೈಗಾರಿಕೆಗೆ ಅಂತ ಜಾಗ ಗುರುತಿಸಿದೆವು. ರಸ್ತೆ ಹಾಕಿದೆವು, ನೀರಿನ ಪೈಪ್ ಎಳೆದೆವು, ದೀಪದ ಕಂಬ ನೆಟ್ಟೆವು. ಆರು ವರ್ಷ ಆ ದೀಪಗಳು ಖಾಲಿ ಜಾಗದಲ್ಲಿ ಉರಿದವು.

ಅದೇ ಹೊತ್ತಿಗೆ ಊರೊಳಗೆ ಪಂಪಿನ ಬಿಡಿಭಾಗ ಮಾಡುತ್ತಿದ್ದ ಒಬ್ಬರು ವರ್ಕ್‌ಶಾಪ್ ಮುಚ್ಚಿ ಬೇರೆ ಊರಿಗೆ ಹೋದರು. ಅವರ ಹತ್ತಿರ 34 ಜನ ಕೆಲಸಕ್ಕಿದ್ದರು. ಅವರಿಗೆ ಬೇಕಿದ್ದದ್ದು ಸ್ವಲ್ಪ ದೊಡ್ಡ ಶೆಡ್ಡು, ಜಾಸ್ತಿ ಲೋಡಿನ ಕರೆಂಟು, ಅಷ್ಟೇ. ನಾವು ಹೊರಗಿನ ಜಾಗವನ್ನೆಲ್ಲ ದೊಡ್ಡ ಕಂಪನಿಗೆ ಹೊಂದುವಂತೆ ವಿಂಗಡಿಸಿದ್ದೆವು. ಅವರಿಗೆ ಆಗುವ ಅಳತೆಯ ಸೈಟ್ ಒಂದೂ ಇರಲಿಲ್ಲ. ವಿಷಯ ಗೊತ್ತಾದದ್ದು ಅವರು ಹೋದ ಮೇಲೆ. ‘ನೀವು ಬಂದು ಒಂದು ಮಾತು ಹೇಳಬಾರದಿತ್ತಾ?’ ಅಂತ ಫೋನ್ ಮಾಡಿ ಕೇಳಿದೆ. ‘ಯಾರ ಹತ್ತಿರ ಹೇಳಬೇಕಿತ್ತು?’ ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. ಊರಿನ ಉದ್ಯೋಗದ ಬಗ್ಗೆ ಯೋಚಿಸುವ ಕಚೇರಿ ಇತ್ತು, ಉದ್ಯೋಗ ಕೊಟ್ಟವರು ಬಂದು ಕೂರಲು ಅಲ್ಲಿ ಒಂದು ಕುರ್ಚಿ ಇರಲಿಲ್ಲ.

ಹಾಗಾಗಿ, ಊರಲ್ಲಿ ಈಗಾಗಲೇ ಇರುವವರ ಬಾಗಿಲಿಂದ ಶುರು ಮಾಡಿ. ಐದರಿಂದ ಐವತ್ತು ಜನಕ್ಕೆ ಕೆಲಸ ಕೊಟ್ಟವರ ಪಟ್ಟಿ ಮಾಡಿ, ಸಮಿತಿಯ ಒಬ್ಬೊಬ್ಬರೂ ಹತ್ತು ಹತ್ತು ಕಡೆ ಹೋಗಿ. ಫಾರಂ ಕಳಿಸಬೇಡಿ, ಯಾರೂ ತುಂಬಿ ಕೊಡಲ್ಲ. ಹೋಗಿ ಕೂತು ಕೇಳಿ. ಇನ್ನಿಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಏನು ಅಡ್ಡ? ಮಾಲು ಎಲ್ಲಿಗೆ ಹೋಗುತ್ತೆ? ಹೊರಗಿಂದ ತರಿಸುವುದರಲ್ಲಿ ಯಾವುದು ಇಲ್ಲೇ ಸಿಕ್ಕರೆ ಅನುಕೂಲ? ಯಜಮಾನರಿಗೆ ವಯಸ್ಸಾಗಿದ್ದರೆ ಮುಂದೆ ನಡೆಸುವವರು ಯಾರು? ಈ ಕೊನೆಯದನ್ನು ಮರೆಯಲೇಬೇಡಿ. ಒಳ್ಳೆ ಲಾಭ ಇದ್ದೂ, ಮುಂದುವರಿಸುವವರಿಲ್ಲದೆ ಬಾಗಿಲು ಹಾಕಿದ ವರ್ಕ್‌ಶಾಪ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇದನ್ನೇ ಒಂದು ಪದ್ಧತಿಯಾಗಿ ಮಾಡಿದ ಊರು ಅಮೆರಿಕದ ಲಿಟಲ್ಟನ್. ಕೊಲೊರಾಡೊ ರಾಜ್ಯದ ಡೆನ್ವರ್ ಪಕ್ಕದ ಸಣ್ಣ ನಗರ. 1980ರ ದಶಕದ ಕೊನೆಯಲ್ಲಿ ಅಲ್ಲಿನ ಅತಿ ದೊಡ್ಡ ಕಂಪನಿ ಸಾವಿರಾರು ಜನರನ್ನು ಕೆಲಸದಿಂದ ತೆಗೆಯಿತು. ಇನ್ನೊಂದು ದೊಡ್ಡ ಕಂಪನಿಯನ್ನು ಹುಡುಕುವ ಬದಲು ನಗರಾಡಳಿತ ಬೇರೆ ದಾರಿ ಹಿಡಿಯಿತು. ಊರಲ್ಲಿದ್ದ ಸಣ್ಣ ಉದ್ಯಮಗಳಿಗೆ ಮಾರುಕಟ್ಟೆಯ ಮಾಹಿತಿ ಹುಡುಕಿ ಕೊಡುವ ಕೆಲಸ ಅದು. ಗಿರಾಕಿ ಎಲ್ಲಿದ್ದಾರೆ, ಪೈಪೋಟಿಯವರು ಏನು ಮಾಡುತ್ತಿದ್ದಾರೆ, ನಕ್ಷೆಯಲ್ಲಿ ಯಾವ ಪ್ರದೇಶ ಬೆಳೆಯುತ್ತಿದೆ, ಇಂಥವು. ದೊಡ್ಡ ಕಂಪನಿಗಳು ಹಣ ಕೊಟ್ಟು ಮಾಡಿಸಿಕೊಳ್ಳುವ ಇಂಥ ಕೆಲಸವನ್ನು ಹತ್ತು ಜನರ ವರ್ಕ್‌ಶಾಪ್‌ಗೂ ಮಾಡಿಕೊಟ್ಟರು. ಈ ಪದ್ಧತಿಗೆ ಅವರು ಇಟ್ಟ ಹೆಸರನ್ನು ಕನ್ನಡದಲ್ಲಿ ‘ಆರ್ಥಿಕ ತೋಟಗಾರಿಕೆ’ ಅನ್ನಬಹುದು. 1990ರಲ್ಲಿ ಆ ಊರಲ್ಲಿ ಸುಮಾರು 15,000 ಕೆಲಸಗಳಿದ್ದವು, ಮುಂದಿನ ವರ್ಷಗಳಲ್ಲಿ ಅವು ಎರಡು ಪಟ್ಟಾದವು. ಪಕ್ಕದ ಡೆನ್ವರ್ ಕೂಡ ಬೆಳೆಯುತ್ತಿತ್ತು, ಅದರ ಪಾಲೂ ಇದೆ. ಆದರೂ ಹೊರಗಿನವರಿಗೆ ರಿಯಾಯಿತಿ ಸುರಿಯದೆ ಇಷ್ಟಾಯಿತು ಅನ್ನೋದು ಸಣ್ಣ ವಿಷಯ ಅಲ್ಲ.

ಜನರ ಮಾತಿನ ಜೊತೆಗೆ ಒಂದು ಲೆಕ್ಕವೂ ಬೇಕು. ಊರಲ್ಲಿ ಕೆಲಸ ಮಾಡುವ 100 ಜನರಲ್ಲಿ 12 ಜನ ಮರಗೆಲಸದಲ್ಲಿದ್ದಾರೆ, ಇಡೀ ದೇಶದಲ್ಲಿ 100ಕ್ಕೆ 4 ಜನ ಅಂತ ಇಟ್ಟುಕೊಳ್ಳಿ. 12ನ್ನು 4ರಿಂದ ಭಾಗಿಸಿದರೆ 3. ಈ ಅಂಕಿಗೆ ಲೊಕೇಶನ್ ಕೋಶಂಟ್ ಅನ್ನುತ್ತಾರೆ. 1ಕ್ಕಿಂತ ಚೆನ್ನಾಗಿ ಮೇಲಿದ್ದರೆ, ನಿಮ್ಮೂರು ಆ ಮಾಲನ್ನು ಹೊರಗೆ ಮಾರಿ ಹಣ ತರುತ್ತಿರಬಹುದು. ಕಾಗದ, ಪೆನ್ಸಿಲ್ ಇದ್ದರೆ ಒಂದು ಸಂಜೆಯ ಕೆಲಸ. ನೀವೇ ಮಾಡಿ. ಯಾವ ಅಂಕಿ ಎಲ್ಲಿಂದ ಬಂತು ಅನ್ನೋದು ಸಮಿತಿಯವರಿಗೇ ಗೊತ್ತಿದ್ದರೆ ಸಭೆಯಲ್ಲಿ ಮಾತಿಗೆ ತೂಕ ಬರುತ್ತೆ.

ಆಮೇಲೆ ಊರಿನ ಹಣ ಎಲ್ಲಿ ಸೋರುತ್ತಿದೆ ನೋಡಿ. ಇಂಗ್ಲೆಂಡಿನ ಪ್ರೆಸ್ಟನ್ ನಗರದ ಕತೆ ನನಗೆ ತುಂಬಾ ಇಷ್ಟ. ಅವರು ವರ್ಷಗಟ್ಟಲೆ ಕಾದಿದ್ದ 70 ಕೋಟಿ ಪೌಂಡಿನ ಶಾಪಿಂಗ್ ಸೆಂಟರ್ ಯೋಜನೆ 2011ರಲ್ಲಿ ಬಿದ್ದುಹೋಯಿತು. ಆಗ ನಗರಾಡಳಿತ, ಪೊಲೀಸ್, ಕಾಲೇಜು, ವಸತಿ ಸಂಸ್ಥೆ ಎಲ್ಲಾ ಒಟ್ಟಿಗೆ ಕೂತು ತಮ್ಮ ಖರೀದಿ ಲೆಕ್ಕ ತೆಗೆದವು. 2012-13ರಲ್ಲಿ ಅವು ಖರ್ಚು ಮಾಡಿದ ಹಣದಲ್ಲಿ ಊರೊಳಗೇ ಉಳಿದದ್ದು ಶೇಕಡ 5 ಮಾತ್ರ. ದೊಡ್ಡ ಟೆಂಡರನ್ನು ತುಂಡು ಮಾಡಿ, ಸ್ಥಳೀಯರೂ ಹಾಕುವಂತೆ ಮಾಡಿದರು. 2016-17ಕ್ಕೆ ಅದು ಶೇಕಡ 18 ದಾಟಿತು. ಇದಕ್ಕೆ ಹೊಸ ಬಂಡವಾಳ ಬೇಕಾಗಲಿಲ್ಲ, ಹೇಗೂ ಖರ್ಚಾಗುತ್ತಿದ್ದ ಹಣ ಅದು. ನಿಮ್ಮೂರಿನ ಆಸ್ಪತ್ರೆ, ಶಾಲೆ, ನಗರಾಡಳಿತ ಬೆಂಚು, ಸಮವಸ್ತ್ರ, ರಿಪೇರಿ ಕೆಲಸ ಎಲ್ಲಿಂದ ಪಡೆಯುತ್ತಿವೆ ಅಂತ ಕೇಳಿ ನೋಡಿ.

ಈಗ ಸಭೆಯಲ್ಲಿ ಹೇಳಲು ಬೇಕಾದ ಮಾತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮೌಂಟ್ ಪ್ಲೆಸೆಂಟ್ ಎಂಬ ಸಣ್ಣ ಊರಿಗೆ 2017ರಲ್ಲಿ ಫಾಕ್ಸ್‌ಕಾನ್ ಎಂಬ ತೈವಾನಿನ ಎಲೆಕ್ಟ್ರಾನಿಕ್ಸ್ ಕಂಪನಿ ಬರುತ್ತೇನೆ ಅಂದಿತು. 13,000 ಕೆಲಸ, 1,000 ಕೋಟಿ ಡಾಲರ್ ಹೂಡಿಕೆ ಅಂತ ಮಾತು. ರಾಜ್ಯ ಸುಮಾರು 300 ಕೋಟಿ ಡಾಲರ್ ರಿಯಾಯಿತಿಗೆ ಒಪ್ಪಿತು. ಊರು ಸಾಲ ಮಾಡಿ ಜಾಗ, ರಸ್ತೆ, ನೀರು ಒದಗಿಸಿತು. ಹತ್ತಾರು ಮನೆಗಳು ತೆರವಾದವು. 2021ರಲ್ಲಿ ಒಪ್ಪಂದ ತಿದ್ದಿದಾಗ ಉಳಿದದ್ದು 1,454 ಕೆಲಸಗಳ ಗುರಿ. ರಿಯಾಯಿತಿಯೂ 8 ಕೋಟಿ ಡಾಲರಿಗೆ ಇಳಿಯಿತು, ಅದು ಪುಣ್ಯ. ರಿಯಾಯಿತಿಯನ್ನು ಕೆಲಸದ ಲೆಕ್ಕಕ್ಕೆ ಕಟ್ಟಿಹಾಕಿದ್ದರಿಂದ ರಾಜ್ಯ ಅಷ್ಟಾದರೂ ಉಳಿಸಿಕೊಂಡಿತು. ಸಾಲ ಮಾಡಿ ಹಾಕಿದ ರಸ್ತೆಯನ್ನು ಹಾಗೆ ವಾಪಸ್ ತೆಗೆದುಕೊಳ್ಳಲು ಆಗಲ್ಲ ಅಲ್ವಾ? ನಂತರ ಅಲ್ಲಿನ ಜಾಗವನ್ನು ಮೈಕ್ರೋಸಾಫ್ಟ್ ಡೇಟಾ ಸೆಂಟರಿಗೆ ಕೊಂಡಿತು. ಆದರೆ ಡೇಟಾ ಸೆಂಟರಿಗೆ ಕಾರ್ಖಾನೆಯಷ್ಟು ಜನ ಬೇಡ.

ಇನ್ನೊಂದು ಅಂಕಿ ಬರೆದಿಟ್ಟುಕೊಳ್ಳಿ. ತೆರಿಗೆ ರಿಯಾಯಿತಿಯನ್ನು ದಶಕಗಳಿಂದ ಅಧ್ಯಯನ ಮಾಡಿದ ಟಿಮೊತಿ ಬಾರ್ಟಿಕ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಹಳೆಯ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದರು. ರಿಯಾಯಿತಿ ಪಡೆದ ಕಂಪನಿಗಳಲ್ಲಿ ಅದಕ್ಕಾಗಿಯೇ ಆ ಊರನ್ನು ಆರಿಸಿಕೊಂಡವು ಶೇಕಡ 2ರಿಂದ 25ರಷ್ಟು ಮಾತ್ರ. ಉಳಿದವು ಹೇಗೂ ಬರುತ್ತಿದ್ದವು. ದೊಡ್ಡ ಕಂಪನಿ ಬರುವುದೇ ಬೇಡ ಅಂತ ನಾನು ಹೇಳುತ್ತಿಲ್ಲ. ಬಂದರೆ ಬರಲಿ. ಎಷ್ಟು ಕೆಲಸ, ಯಾವ ವರ್ಷದೊಳಗೆ, ತಪ್ಪಿದರೆ ಎಷ್ಟು ವಾಪಸ್ ಅಂತ ಬರೆಸಿಕೊಳ್ಳದೆ ಸಹಿ ಹಾಕಬೇಡಿ.

ಪ್ರಶ್ನೆ: ಊರ ಹೊರಗೆ ದೊಡ್ಡ ಮಳಿಗೆ ಬರುತ್ತಿದೆ. ಅದರಿಂದ ನಗರಾಡಳಿತಕ್ಕೆ ಜಾಸ್ತಿ ತೆರಿಗೆ ಸಿಗುತ್ತೆ, ಹಳೇ ಪೇಟೆಗೆ ಖರ್ಚು ಮಾಡುವುದು ದಂಡ ಅಂತಾರೆ. ನಿಜವಾ?

ಉತ್ತರ: ಒಟ್ಟು ತೆರಿಗೆ ನೋಡಬೇಡಿ, ಎಕರೆಗೆ ಎಷ್ಟು ಅಂತ ನೋಡಿ. ಅಮೆರಿಕದ ಆಶ್ವಿಲ್ ನಗರದಲ್ಲಿ ಜೋ ಮಿನಿಕೊಜ್ಜಿ ಎಂಬ ಯೋಜನಾ ತಜ್ಞರು ಹೀಗೇ ಲೆಕ್ಕ ಹಾಕಿದರು. ಊರ ಹೊರಗಿನ ವಾಲ್‌ಮಾರ್ಟ್ 34 ಎಕರೆಯಲ್ಲಿ ಹರಡಿತ್ತು. ಅದರಿಂದ ಬರುತ್ತಿದ್ದ ಆಸ್ತಿ ತೆರಿಗೆ ಎಕರೆಗೆ ಸುಮಾರು 6,500 ಡಾಲರ್. ಪೇಟೆಯಲ್ಲಿ ಒಂದು ಎಕರೆಯ ಐದನೇ ಒಂದು ಭಾಗದಲ್ಲಿ ನಿಂತಿದ್ದ ಹಳೇ ಕಟ್ಟಡವನ್ನು ರಿಪೇರಿ ಮಾಡಿ ಕೆಳಗೆ ಅಂಗಡಿ, ಮೇಲೆ ಮನೆ ಮಾಡಿದ್ದರು. ಅದರ ತೆರಿಗೆಯನ್ನು ಎಕರೆ ಲೆಕ್ಕಕ್ಕೆ ತಂದರೆ 6 ಲಕ್ಷ ಡಾಲರಿಗಿಂತ ಜಾಸ್ತಿ! ಹೊರಗಿನ ಮಳಿಗೆಗೆ ಹೊಸ ರಸ್ತೆ, ಹೊಸ ಚರಂಡಿ ಬೇರೆ ಬೇಕು. ಪೇಟೆಯಲ್ಲಿ ಅವು ಆಗಲೇ ಇವೆ. ನಿಮ್ಮೂರಿನ ಐದು ಕಟ್ಟಡ ಆರಿಸಿ ಈ ಲೆಕ್ಕ ಮಾಡಿ, ಗೋಡೆಗೆ ಅಂಟಿಸಿ.

ಪ್ರಶ್ನೆ: ಓದಿದ ಮಕ್ಕಳೆಲ್ಲ ಊರು ಬಿಡುತ್ತಿದ್ದಾರೆ. ಕೆಲಸ ಮೊದಲೋ, ತರಬೇತಿ ಮೊದಲೋ?

ಉತ್ತರ: ಸ್ಪೇನಿನ ಬಾಸ್ಕ್ ಪ್ರದೇಶದ ಮೊಂಡ್ರಗಾನ್ ಎಂಬ ಸಣ್ಣ ಊರಲ್ಲಿ ಒಬ್ಬ ಪಾದ್ರಿ 1943ರಲ್ಲಿ ಒಂದು ತಾಂತ್ರಿಕ ಶಾಲೆ ತೆರೆದರು. ಅಲ್ಲಿ ಓದಿದ ಐವರು 1956ರಲ್ಲಿ ಸ್ಟವ್ ಮಾಡುವ ಸಣ್ಣ ಸಹಕಾರಿ ಕಾರ್ಖಾನೆ ಶುರು ಮಾಡಿದರು. ಇವತ್ತು ಆ ಸಹಕಾರಿಗಳ ಬಳಗದಲ್ಲಿ ಸುಮಾರು 70,000 ಜನ ಕೆಲಸ ಮಾಡುತ್ತಾರೆ. ಶಾಲೆಗೂ ಕಾರ್ಖಾನೆಗೂ ನಡುವೆ 13 ವರ್ಷ ಇತ್ತು. ನಿಮ್ಮ ಯೋಜನೆಯಲ್ಲಿ ತರಬೇತಿಯ ಪುಟಕ್ಕೆ ಅಷ್ಟು ವರ್ಷ ಬಿಡಿ. ಏನು ಕಲಿಸಬೇಕು ಅನ್ನೋದನ್ನು ಊರಿನ ವರ್ಕ್‌ಶಾಪ್‌ಗಳಿಗೆ ಹೋಗಿ ಕೇಳಿ ಗೊತ್ತು ಮಾಡಿಕೊಳ್ಳಿ.