ಕ್ವಿಜ್ ಅಂಕ 66.67 ಎಂದು ಬರುವುದನ್ನು 67 ಎಂದು ತೋರಿಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಆನ್‌ಲೈನ್ ಕೋರ್ಸ್ ತಯಾರಿಸುವ ಸಾಫ್ಟ್‌ವೇರಾದ ಆರ್ಟಿಕ್ಯುಲೇಟ್ ಸ್ಟೋರಿಲೈನ್‌ನಲ್ಲಿ ನೀವು 6 ಪ್ರಶ್ನೆಗಳ ಕ್ವಿಜ್ ಮಾಡಿದ್ದೀರಿ. ನಾಲ್ಕು ಉತ್ತರ ಸರಿಯಾದರೆ ಪಾಸ್ ಎಂದು ಗ್ರಾಹಕರು ಹೇಳಿದ್ದರಿಂದ ಪಾಸಿಂಗ್ ಸ್ಕೋರನ್ನು ಶೇ. 67 ಎಂದು ಇಟ್ಟಿದ್ದೀರಿ. ಆದರೆ ನಾಲ್ಕು ಸರಿ ಮಾಡಿದವರಿಗೆ ಫಲಿತಾಂಶದ ಸ್ಲೈಡ್‌ನಲ್ಲಿ 66.67 ಎಂದು ಬಂದು, ಅದರ ಕೆಳಗೆ ಫೇಲ್ ಎಂಬ ಸಂದೇಶ ಕಾಣಿಸುತ್ತಿದೆ. ಅಂಕವನ್ನು ರೌಂಡ್ ಆಫ್ ಮಾಡಿ 67 ಮಾಡಿಬಿಟ್ಟರೆ ಎರಡೂ ಸಮಸ್ಯೆ ಒಟ್ಟಿಗೆ ತೀರುತ್ತವೆಯೇ, ಎಲ್‌ಎಮ್‌ಎಸ್‌ಗೂ (ಕೋರ್ಸ್ ನಡೆಸಿ ಕಲಿಯುವವರ ಅಂಕ ದಾಖಲಿಸುವ ವ್ಯವಸ್ಥೆಗೂ) 67 ಎಂದೇ ಕಳುಹಿಸಬಹುದೇ ಎಂದು ಕೇಳಿದ್ದೀರಿ.

ತೀರುವುದಿಲ್ಲ, ಒಂದು ತೀರಿ ಇನ್ನೊಂದು ಬಿಗಡಾಯಿಸುತ್ತದೆ. ಈಗ ಕಲಿಯುವವರು ಕನಿಷ್ಠ ಪಕ್ಷ "66.67 ಬಂದಿದೆ, 67 ಬೇಕಿತ್ತು, ಕೂದಲೆಳೆಯಲ್ಲಿ ತಪ್ಪಿತು" ಎಂದಾದರೂ ತಿಳಿದುಕೊಳ್ಳುತ್ತಾರೆ. ರೌಂಡ್ ಆಫ್ ಮಾಡಿದ ಮೇಲೆ ಅವರ ಪರದೆಯ ಮೇಲೆ "ನಿಮ್ಮ ಅಂಕ 67, ಬೇಕಾದ ಅಂಕ 67, ನೀವು ತೇರ್ಗಡೆಯಾಗಿಲ್ಲ" ಎಂದು ಬರುತ್ತದೆ. ಏಕೆಂದರೆ ನೀವು ಬದಲಾಯಿಸುವುದು ಕಣ್ಣಿಗೆ ಕಾಣುವ ಸಂಖ್ಯೆಯನ್ನು ಮಾತ್ರ; ಪಾಸೋ ಫೇಲೋ ಎಂದು ಸ್ಟೋರಿಲೈನ್ ತೀರ್ಮಾನಿಸುವುದು ತನ್ನೊಳಗಿನ ಮೂಲ ಅಂಕದಿಂದ.

ಲೆಕ್ಕವನ್ನು ಹತ್ತಿರದಿಂದ ನೋಡಿದರೆ ದೋಷ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ಸ್ಟೋರಿಲೈನ್ ತಾನಾಗಿ ಪ್ರತಿ ಪ್ರಶ್ನೆಗೆ 10 ಪಾಯಿಂಟ್ ಕೊಡುತ್ತದೆ. ನೀವು ಅದನ್ನು ಬದಲಾಯಿಸಿಲ್ಲವಾದರೆ ನಿಮ್ಮ ಕ್ವಿಜ್‌ನ ಒಟ್ಟು 60 ಪಾಯಿಂಟ್. 60ರ ಶೇ. 67 ಎಂದರೆ 40.2. ನಾಲ್ಕು ಸರಿ ಉತ್ತರಕ್ಕೆ ಸಿಗುವುದು 40. ನಿಮ್ಮ ಕಲಿಕಾರ್ಥಿಗಳು ಸೋಲುತ್ತಿರುವುದು ಆ 0.2 ಪಾಯಿಂಟ್‌ನಿಂದ, ಮತ್ತು ಆ 0.2 ಹುಟ್ಟಿದ್ದು ಅವರ ಉತ್ತರದಲ್ಲಲ್ಲ, ಪಾಸಿಂಗ್ ಸ್ಕೋರನ್ನು ನೀವು ಮೊದಲೇ ರೌಂಡ್ ಆಫ್ ಮಾಡಿದ್ದರಲ್ಲಿ. ಆದ್ದರಿಂದ ಮೊದಲು ಮಾಡಬೇಕಾದ ಕೆಲಸಕ್ಕೂ ದಶಮಾಂಶಕ್ಕೂ ಸಂಬಂಧವೇ ಇಲ್ಲ: ಫಲಿತಾಂಶದ ಸ್ಲೈಡ್‌ನ ಸೆಟ್ಟಿಂಗ್‌ಗೆ ಹೋಗಿ ಪಾಸಿಂಗ್ ಸ್ಕೋರನ್ನು 67ರಿಂದ 66ಕ್ಕೆ ಇಳಿಸಿ. ಇದರಿಂದ ಯಾರಿಗೂ ಅನರ್ಹವಾದ ಲಾಭವಾಗುವುದಿಲ್ಲ. ಆರು ಪ್ರಶ್ನೆಗಳ ಕ್ವಿಜ್‌ನಲ್ಲಿ ಬರಲು ಸಾಧ್ಯವಿರುವ ಅಂಕಗಳು ಒಟ್ಟು ಏಳೇ: 0, 16.67, 33.33, 50, 66.67, 83.33 ಮತ್ತು 100. ಮೂರು ಸರಿಯಾದವರಿಗೆ 50, ನಾಲ್ಕು ಸರಿಯಾದವರಿಗೆ 66.67, ನಡುವೆ ಯಾರೂ ಇಲ್ಲ. ಪಾಸಿಂಗ್ ಸ್ಕೋರ್ 51 ಇರಲಿ 66 ಇರಲಿ, ಪಾಸಾಗುವವರು ಅವರೇ. ಆದರೂ 66 ಎಂದೇ ಇಡಿ. 51 ಎಂದು ಕಂಡರೆ ಗ್ರಾಹಕರು ಪ್ರಶ್ನೆ ಕೇಳುತ್ತಾರೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಯ ಸುರಕ್ಷತಾ ತರಬೇತಿಗಾಗಿ ನಾನು ಮಾಡಿಕೊಟ್ಟ ಕೋರ್ಸಿನಲ್ಲಿ 23 ಪ್ರಶ್ನೆಗಳಿದ್ದವು, ಪಾಸಾಗಲು ಶೇ. 70 ಬೇಕಿತ್ತು. ದಶಮಾಂಶ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲವೆಂದು ನಾನೇ ಮುತುವರ್ಜಿಯಿಂದ ಅಂಕವನ್ನು ಪೂರ್ಣಾಂಕಕ್ಕೆ ತಂದಿದ್ದೆ. 23ಕ್ಕೆ 16 ಎಂದರೆ 69.57, ಪರದೆಯ ಮೇಲೆ 70 ಎಂದು ಬಂತು, ಜೊತೆಗೆ ಫೇಲ್ ಎಂದೂ ಬಂತು. ಕೆಲಸಗಾರರು ಆ ಪರದೆಯ ಫೋಟೋ ತೆಗೆದು ತಮ್ಮ ಎಚ್‌ಆರ್‌ಗೆ ಕಳುಹಿಸಿದರು. ತಪ್ಪು ನನ್ನದೇ ಆಗಿತ್ತು, ಮತ್ತು ಕೋರ್ಸನ್ನು ಸರಿಪಡಿಸಿ ಮತ್ತೆ ಅಪ್‌ಲೋಡ್ ಮಾಡುವುದಕ್ಕಿಂತ ಅವರಿಗೆ ವಿವರಣೆ ಕೊಡುವುದೇ ಹೆಚ್ಚು ಕಷ್ಟವಾಯಿತು.

ಇನ್ನು ನೀವು ಕೇಳಿದ ವಿಷಯಕ್ಕೆ ಬರುತ್ತೇನೆ. ಫಲಿತಾಂಶದ ಸ್ಲೈಡ್‌ನಲ್ಲಿ ಕಾಣುವ ಶೇಕಡಾ ಅಂಕ "ರಿಸಲ್ಟ್ಸ್ ಡಾಟ್ ಸ್ಕೋರ್‌ಪರ್ಸೆಂಟ್" ಎಂಬ ಬಿಲ್ಟ್-ಇನ್ ವೇರಿಯಬಲ್‌ನಿಂದ, ಅಂದರೆ ಸ್ಟೋರಿಲೈನ್ ತಾನೇ ಬೆಲೆ ತುಂಬಿಡುವ ಹೆಸರಿನಿಂದ, ಬರುತ್ತದೆ. ಅದನ್ನು ಓದಬಹುದು, ತಿದ್ದಲಾಗುವುದಿಲ್ಲ. ಹಾಗಾಗಿ ನಂಬರ್ ಮಾದರಿಯ ಹೊಸ ವೇರಿಯಬಲ್ ಒಂದನ್ನು, ಆರಂಭದ ಬೆಲೆ 0 ಇರುವಂತೆ, ನೀವೇ ಮಾಡಿಕೊಳ್ಳಬೇಕು. ನಂತರ ಫಲಿತಾಂಶದ ಸ್ಲೈಡ್‌ಗೆ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೋಡ್ ನಡೆಸುವ ಟ್ರಿಗರ್ (ಇಂತಹದು ಆದಾಗ ಇಂತಹದು ಮಾಡು ಎಂಬ ಆದೇಶ) ಒಂದನ್ನು ಸೇರಿಸಿ, ಸ್ಲೈಡ್‌ನ ಟೈಮ್‌ಲೈನ್ ಆರಂಭವಾದಾಗ ಅದು ನಡೆಯುವಂತೆ ಇಡಿ. ಅದರೊಳಗಿನ ಸ್ಕ್ರಿಪ್ಟ್ ಮೂರೇ ಸಾಲಿನದು: ಮೊದಲ ಸಾಲಿನಲ್ಲಿ ಗೆಟ್‌ಪ್ಲೇಯರ್ ಕರೆದು ಪ್ಲೇಯರನ್ನು (ಕೋರ್ಸ್ ನಡೆಸುವ ಭಾಗವನ್ನು) ಹಿಡಿದುಕೊಳ್ಳುವುದು, ಎರಡನೆಯದರಲ್ಲಿ ಗೆಟ್‌ವಾರ್ ಮೂಲಕ ಆ ಬಿಲ್ಟ್-ಇನ್ ವೇರಿಯಬಲ್‌ನ ಬೆಲೆ ಪಡೆಯುವುದು, ಮೂರನೆಯದರಲ್ಲಿ ಆ ಬೆಲೆಯನ್ನು ಪೂರ್ಣಾಂಕಕ್ಕೆ ತಂದು ಸೆಟ್‌ವಾರ್ ಮೂಲಕ ನಿಮ್ಮ ಹೊಸ ವೇರಿಯಬಲ್‌ಗೆ ತುಂಬುವುದು. ಸ್ಲೈಡ್‌ನ ಮೇಲಿರುವ ಹಳೆಯ ರೆಫರೆನ್ಸನ್ನು (ವೇರಿಯಬಲ್‌ನ ಬೆಲೆ ತೋರಿಸುವ ಗುರುತನ್ನು) ಅಳಿಸಿ ಹೊಸ ವೇರಿಯಬಲ್‌ನ ರೆಫರೆನ್ಸ್ ಹಾಕಿದರೆ ಕೆಲಸ ಮುಗಿಯಿತು.

ಮುಗಿಯಿತು ಎನ್ನುವಾಗಲೇ ಕೈಕೊಡುವ ಕೆಲವು ಜಾಗಗಳಿವೆ. ಅದೇ ಸ್ಲೈಡ್‌ನಲ್ಲಿ ಫಲಿತಾಂಶ ಸಲ್ಲಿಸುವ ಟ್ರಿಗರ್ ಮೊದಲೇ ಇರುತ್ತದೆ; ನಿಮ್ಮ ಜಾವಾಸ್ಕ್ರಿಪ್ಟ್ ಟ್ರಿಗರ್ ಅದರ ಕೆಳಗೆ ಇರಲಿ, ಇಲ್ಲದಿದ್ದರೆ ಲೆಕ್ಕವಾಗುವ ಮುನ್ನವೇ ಬೆಲೆಯನ್ನು ಓದಿ 0 ತೋರಿಸುವ ಸಾಧ್ಯತೆ ಇದೆ. ಕಲಿಯುವವರು ಮತ್ತೊಮ್ಮೆ ಪ್ರಯತ್ನಿಸಿದಾಗ ಹಳೆಯ ಅಂಕವೇ ಉಳಿದುಬಿಡಬಾರದೆಂದರೆ, ಆ ಸ್ಲೈಡನ್ನು ಮರಳಿ ತೆರೆದಾಗ ಮೊದಲ ಸ್ಥಿತಿಗೆ ಬರುವಂತೆ ಸೆಟ್ ಮಾಡಿ. ಪ್ರಾಜೆಕ್ಟ್‌ನಲ್ಲಿ ಒಂದಕ್ಕಿಂತ ಹೆಚ್ಚು ಫಲಿತಾಂಶದ ಸ್ಲೈಡ್ ಇದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆ ವೇರಿಯಬಲ್ ಇರುತ್ತದೆ, ಆದ್ದರಿಂದ ಹೆಸರನ್ನು ನೋಡಿಕೊಂಡು ಬರೆಯಿರಿ. ಸ್ಕ್ರಿಪ್ಟನ್ನು ವರ್ಡ್ ಕಡತದಿಂದ ಕಾಪಿ ಮಾಡಿದರೆ ನೇರ ಉದ್ಧರಣ ಚಿಹ್ನೆಯ ಬದಲು ಬಾಗಿದ ಚಿಹ್ನೆ ಬಂದು ಇಡೀ ಸ್ಕ್ರಿಪ್ಟ್ ಸದ್ದಿಲ್ಲದೆ ಸತ್ತುಹೋಗುತ್ತದೆ. ಇದನ್ನು ಹುಡುಕುತ್ತ ಅರ್ಧ ದಿನ ಕಳೆದವರಲ್ಲಿ ನಾನೂ ಒಬ್ಬ.

ಜಾವಾಸ್ಕ್ರಿಪ್ಟ್ ಬೇಡವೆಂದರೂ ನಿಮ್ಮ ಸಂದರ್ಭದಲ್ಲಿ ದಾರಿ ಇದೆ. ಬರಬಹುದಾದ ಅಂಕಗಳು ಏಳೇ ಆಗಿರುವುದರಿಂದ, "ಅಂಕ 66ಕ್ಕಿಂತ ಹೆಚ್ಚು ಮತ್ತು 67ಕ್ಕಿಂತ ಕಡಿಮೆ ಇದ್ದರೆ ನನ್ನ ವೇರಿಯಬಲ್‌ಗೆ 67 ತುಂಬು" ಎಂಬಂತಹ ಷರತ್ತಿನ ಟ್ರಿಗರ್‌ಗಳನ್ನು ಕೈಯಲ್ಲೇ ಬರೆಯಬಹುದು. ನೋಡಲು ಒರಟು, ಆದರೆ ಕೆಡುವುದಿಲ್ಲ. ಪ್ರಶ್ನೆಗಳ ಸಂಖ್ಯೆ ಇಪ್ಪತ್ತು ದಾಟಿದರೆ ಮಾತ್ರ ಈ ದಾರಿ ಹಿಡಿಯಬೇಡಿ.

ಈಗ ಪೂರ್ಣಾಂಕಕ್ಕೆ ತರುವುದು ಎಂದರೆ ಯಾವ ಕಡೆಗೆ ತರುವುದು ಎಂಬ ಪ್ರಶ್ನೆ. ಶಾಲೆಯಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೇಲಕ್ಕೆ, ಇಲ್ಲದಿದ್ದರೆ ಕೆಳಕ್ಕೆ ಎಂದು ಕಲಿತಿದ್ದೇವೆ. ಜಾವಾಸ್ಕ್ರಿಪ್ಟ್‌ನ ಮ್ಯಾತ್ ಡಾಟ್ ರೌಂಡ್ ಕ್ವಿಜ್ ಅಂಕಗಳ ಮಟ್ಟಿಗೆ ಅದನ್ನೇ ಮಾಡುತ್ತದೆ. ಆದರೆ ಪಾಸ್-ಫೇಲ್ ಇರುವ ಕಡೆ ನಾನು ಬಳಸುವುದು ಮ್ಯಾತ್ ಡಾಟ್ ಫ್ಲೋರ್, ಅಂದರೆ ದಶಮಾಂಶವನ್ನು ಸುಮ್ಮನೆ ಕತ್ತರಿಸಿ ಕೆಳಗಿನ ಪೂರ್ಣಾಂಕಕ್ಕೆ ಇಳಿಸುವುದು. ಇದರ ಅನುಕೂಲ ಹೀಗಿದೆ: ಪಾಸಿಂಗ್ ಸ್ಕೋರ್ ಪೂರ್ಣಾಂಕವಾಗಿದ್ದರೆ, ಕೆಳಕ್ಕಿಳಿಸಿದ ಅಂಕ ಅದನ್ನು ಮುಟ್ಟುವುದು ಮೂಲ ಅಂಕ ಮುಟ್ಟಿದಾಗ ಮಾತ್ರ, ಹಾಗಾಗಿ ಪರದೆಯ ಸಂಖ್ಯೆಗೂ ಫಲಿತಾಂಶಕ್ಕೂ ಜಗಳ ಬರಲು ಅವಕಾಶವೇ ಇಲ್ಲ. ನನ್ನ ಆ 69.57 ಆಗ 69 ಎಂದು ಕಾಣುತ್ತಿತ್ತು, ಯಾರೂ ಫೋಟೋ ಕಳುಹಿಸುತ್ತಿರಲಿಲ್ಲ. ಇನ್ನೊಂದು ಅನುಕೂಲವೆಂದರೆ, 200 ಪ್ರಶ್ನೆಗಳಲ್ಲಿ ಒಂದು ತಪ್ಪಿದವರಿಗೆ 99.5 ಬಂದು, ಅದು ಮೇಲಕ್ಕೇರಿ 100 ಆಗಿ ಕಾಣುವ ಮುಜುಗರವೂ ಇರುವುದಿಲ್ಲ. ನಿಮ್ಮ ಗ್ರಾಹಕರು "66.67 ಎಂದರೆ 67 ಅಲ್ಲವೇ" ಎಂದು ಹಟ ಹಿಡಿದರೆ ರೌಂಡನ್ನೇ ಬಳಸಿ, ಪಾಸಿಂಗ್ ಸ್ಕೋರ್ 66ಕ್ಕೆ ಇಳಿದಿರುವುದರಿಂದ ನಿಮ್ಮ ಆರು ಪ್ರಶ್ನೆಗಳಲ್ಲಿ ತೊಂದರೆಯಾಗದು.

ಫ್ಲೋರ್ ಬಳಸುವವರಿಗೆ ಒಂದು ಎಚ್ಚರಿಕೆ. ಶೇಕಡಾವನ್ನು ನೀವೇ ಲೆಕ್ಕ ಹಾಕುವುದಾದರೆ ಮೊದಲು 100ರಿಂದ ಗುಣಿಸಿ, ಆಮೇಲೆ ಒಟ್ಟು ಪಾಯಿಂಟ್‌ನಿಂದ ಭಾಗಿಸಿ. ಮೊದಲು ಭಾಗಿಸಿದರೆ, ಕಂಪ್ಯೂಟರ್ ದಶಮಾಂಶಗಳನ್ನು ಎರಡರ ಪದ್ಧತಿಯಲ್ಲಿ ಇಟ್ಟುಕೊಳ್ಳುವುದರಿಂದ, 0.29ನ್ನು 100ರಿಂದ ಗುಣಿಸಿದಾಗ 29ರ ಬದಲು 28.999999999999996 ಬರುತ್ತದೆ, ಮತ್ತು ಫ್ಲೋರ್ ಅದನ್ನು ಯಾವ ಕರುಣೆಯೂ ಇಲ್ಲದೆ 28 ಮಾಡುತ್ತದೆ.

ಎಲ್‌ಎಮ್‌ಎಸ್‌ಗೆ 67 ಎಂದು ಕಳುಹಿಸುವ ವಿಚಾರದಲ್ಲಿ ನನ್ನ ಉತ್ತರ ಬೇಡ ಎಂಬುದೇ. ಕೋರ್ಸಿನಿಂದ ಎಲ್‌ಎಮ್‌ಎಸ್‌ಗೆ ಅಂಕ ಕಳುಹಿಸುವ ನಿಯಮಾವಳಿಯಾದ ಸ್ಕಾರ್ಮ್‌ನ 1.2 ಆವೃತ್ತಿಯಲ್ಲಿ ಅಂಕ 0ರಿಂದ 100ರೊಳಗಿನ ಸಂಖ್ಯೆಯಾಗಿ ಹೋಗುತ್ತದೆ, ಅದರಲ್ಲಿ ದಶಮಾಂಶಕ್ಕೆ ಅವಕಾಶವಿದೆ. ಸ್ಕಾರ್ಮ್ 2004ರಲ್ಲಿ ಇದರ ಜೊತೆಗೆ -1ರಿಂದ 1ರೊಳಗಿನ ಅನುಪಾತವೂ ಹೋಗುತ್ತದೆ, ಅಲ್ಲಿ ನಿಮ್ಮ ನಾಲ್ಕು ಸರಿ ಉತ್ತರ 0.6667ರ ಆಸುಪಾಸಿನಲ್ಲಿರುತ್ತದೆ. ಕೆಲವು ವ್ಯವಸ್ಥೆಗಳಲ್ಲಿ ಪಾಸಿಂಗ್ ಸ್ಕೋರ್ ಎಲ್‌ಎಮ್‌ಎಸ್‌ನ ಕಡೆಯೂ ಇದ್ದು, ಬಂದ ಅಂಕವನ್ನು ಅದರೊಂದಿಗೆ ಹೋಲಿಸಿ ಎಲ್‌ಎಮ್‌ಎಸ್ ತಾನೇ ಫಲಿತಾಂಶವನ್ನು ಬದಲಾಯಿಸಬಲ್ಲದು. ಜಾವಾಸ್ಕ್ರಿಪ್ಟ್‌ನಿಂದ ನೇರವಾಗಿ ಎಲ್‌ಎಮ್‌ಎಸ್‌ಗೆ ಬೇರೆ ಅಂಕ ಬರೆಯುವ ಕಳ್ಳದಾರಿ ಇದೆ; ಆದರೆ ಆಗ ಸ್ಟೋರಿಲೈನ್ ಕಳುಹಿಸಿದ ಅಂಕ ಒಂದು, ನೀವು ಬರೆದ ಅಂಕ ಇನ್ನೊಂದು, ಕೊನೆಗೆ ಉಳಿಯುವುದು ಯಾವುದು ಎಂಬುದು ಯಾವುದು ಆಮೇಲೆ ಹೋಯಿತು ಎಂಬುದರ ಮೇಲೆ ನಿಲ್ಲುತ್ತದೆ. ಮೂಲ ಅಂಕ ಹಾಗೇ ಹೋಗಲಿ, ಪೂರ್ಣಾಂಕ ಬೇಕಾದರೆ ವರದಿಯಲ್ಲಿ ತೋರಿಸಿಕೊಳ್ಳಲಿ. ಉದಾಹರಣೆಗೆ ಮೂಡಲ್ ಎಂಬ ಎಲ್‌ಎಮ್‌ಎಸ್‌ನ ಗ್ರೇಡ್‌ಬುಕ್‌ನಲ್ಲಿ (ಅಂಕಪಟ್ಟಿಯಲ್ಲಿ) ಎಷ್ಟು ದಶಮಾಂಶ ಸ್ಥಾನ ತೋರಿಸಬೇಕೆಂಬ ಸೆಟ್ಟಿಂಗ್ ಇದೆ. ಅದನ್ನು 0 ಮಾಡಿದರೂ ಲೆಕ್ಕ ನಡೆಯುವುದು 5 ದಶಮಾಂಶ ಸ್ಥಾನಗಳವರೆಗೆ. ಹೋಲಿಕೆಯ ಅದೇ ಜಗಳ ಅಲ್ಲಿಯೂ ಬರಬಹುದೆಂಬುದು ನೆನಪಿರಲಿ.

ವರದಿಯನ್ನು ಡೌನ್‌ಲೋಡ್ ಮಾಡಿ ಬೇರೆಡೆ ರೌಂಡ್ ಆಫ್ ಮಾಡುವವರಿದ್ದರೆ ಅವರಿಗೂ ಒಂದು ಮಾತು ಹೇಳಿಡಿ: 8ಕ್ಕೆ 5 ಸರಿಯಾದವರ 62.5ನ್ನು ಎಕ್ಸೆಲ್‌ನ ರೌಂಡ್ 63 ಮಾಡುತ್ತದೆ, ಪೈಥಾನ್‌ನ ರೌಂಡ್ 62 ಮಾಡುತ್ತದೆ, ಏಕೆಂದರೆ ಪೈಥಾನ್ ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಯತ್ತ ಹೋಗುತ್ತದೆ.

ನನ್ನನ್ನು ಕೇಳಿದರೆ ನಿಮ್ಮ ಕ್ವಿಜ್‌ಗೆ ಶೇಕಡಾವೇ ಬೇಕಾಗಿಲ್ಲ. ನಮ್ಮಲ್ಲಿ ಪರೀಕ್ಷೆ ಬರೆದು ಬಂದ ಮಗುವನ್ನು ಕೇಳುವುದು "ಹತ್ತಕ್ಕೆ ಎಷ್ಟು ಬಂತು" ಎಂದೇ. ಪ್ರತಿ ಪ್ರಶ್ನೆಗೆ 10ರ ಬದಲು 1 ಪಾಯಿಂಟ್ ಕೊಟ್ಟು, ಫಲಿತಾಂಶದ ಸ್ಲೈಡ್‌ನಲ್ಲಿ ಶೇಕಡಾ ವೇರಿಯಬಲ್‌ನ ಜಾಗದಲ್ಲಿ ಪಾಯಿಂಟ್‌ನ ವೇರಿಯಬಲ್ ಹಾಕಿ "6ಕ್ಕೆ 4 ಅಂಕ, ಪಾಸಾಗಲು 4 ಬೇಕು" ಎಂದು ಬರೆದರೆ ಜಾವಾಸ್ಕ್ರಿಪ್ಟೂ ಬೇಡ, ದಶಮಾಂಶವೂ ಇಲ್ಲ. ಇಲ್ಲಿ "ಪಾಸಾಗಲು 4" ಎಂಬುದನ್ನು ವೇರಿಯಬಲ್‌ನಿಂದ ತರಬೇಡಿ, ಕೈಯಲ್ಲೇ ಟೈಪ್ ಮಾಡಿ; ಪಾಸಿಂಗ್ ಪಾಯಿಂಟ್‌ನ ವೇರಿಯಬಲ್ ಹಾಕಿದರೆ 6ರ ಶೇ. 66, ಅಂದರೆ 3.96, ಬಂದು ಕೂರಬಹುದು. ಗ್ರಾಹಕರಿಗೆ ಶೇಕಡಾವೇ ಬೇಕೆಂದರೆ ಪ್ರಶ್ನೆಗಳನ್ನು 5 ಅಥವಾ 10 ಮಾಡಲು ಒಮ್ಮೆ ಕೇಳಿ ನೋಡಿ. 4, 5, 10, 20, 25 ಇವೆಲ್ಲ 100ನ್ನು ನಿಶ್ಶೇಷವಾಗಿ ಭಾಗಿಸುವುದರಿಂದ ದಶಮಾಂಶ ಹುಟ್ಟುವುದೇ ಇಲ್ಲ.

ಯಾವ ದಾರಿ ಹಿಡಿದರೂ ಪಬ್ಲಿಷ್ ಮಾಡಿ, ನಿಮ್ಮ ಎಲ್‌ಎಮ್‌ಎಸ್‌ಗೇ ಹಾಕಿ, ಮೂರು ಸರಿ, ನಾಲ್ಕು ಸರಿ, ಆರೂ ಸರಿ ಹೀಗೆ ಮೂರು ಬಾರಿ ಬೇರೆ ಬೇರೆ ಲಾಗಿನ್‌ನಲ್ಲಿ ಉತ್ತರಿಸಿ, ಪರದೆಯ ಮೇಲಿನ ಅಂಕ, ಅದರ ಕೆಳಗಿನ ಸಂದೇಶ ಮತ್ತು ವರದಿಯಲ್ಲಿ ಬಂದ ಸ್ಥಿತಿ ಮೂರನ್ನೂ ಅಕ್ಕಪಕ್ಕ ಬರೆದುಕೊಂಡು ನೋಡಿ. ನಾಲ್ಕು ಸರಿಯಾದ ಲಾಗಿನ್‌ನಲ್ಲಿ ಮೂರೂ ಒಂದೇ ಮಾತು ಹೇಳಿದರೆ ಕೋರ್ಸನ್ನು ಗ್ರಾಹಕರಿಗೆ ಕಳುಹಿಸಬಹುದು.