ಬಿಎಸ್6 ಬೈಕ್‌ಗಳು ಗಟ್ಟಿಯಿಲ್ಲ ಅಂತಾರೆ, ಹಳೇ ಬಿಎಸ್4 ಕಾರ್ಬುರೇಟರ್ ಬೈಕ್ ಹುಡುಕಿ ತಗೊಳ್ಳೋದು ಒಳ್ಳೆಯದಾ?

ಇದೇ ಯೋಚನೆ ತಲೆಯಲ್ಲಿಟ್ಟುಕೊಂಡು ನಾನೂ ತಿಂಗಳುಗಟ್ಟಲೆ ಸೆಕೆಂಡ್ ಹ್ಯಾಂಡ್ ಬೈಕ್ ನೋಡುತ್ತಾ ಅಲೆದಿದ್ದೇನೆ. ಅದು 2021. ಬಿಎಸ್ ಅಂದರೆ ಭಾರತ್ ಸ್ಟೇಜ್, ಗಾಡಿಯ ಹೊಗೆಗೆ ಸರ್ಕಾರ ಹಾಕಿರುವ ಮಿತಿ; ಬಿಎಸ್4 ಹಳೆಯದು, ಬಿಎಸ್6 ಅದಕ್ಕಿಂತ ಬಿಗಿಯಾದದ್ದು. ಶೋರೂಮಿನಲ್ಲಿ ಬಿಎಸ್4 ಸಿಗುವ ಮಾತೇ ಇರಲಿಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್4 ಗಾಡಿ ಮಾರುವಂತಿಲ್ಲ, ರಿಜಿಸ್ಟ್ರೇಷನ್ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತ್ತು. ಹಳೆಯದರಲ್ಲಿ ಒಳ್ಳೆ ಗಾಡಿ ಸಿಗಲಿಲ್ಲ. ಮನಸ್ಸಿಲ್ಲದೇ ಹೊಸ ಬಿಎಸ್6 ಬೈಕ್ ತಗೊಂಡೆ. ಒಂದು ವರ್ಷ ತುಂಬುವ ಮೊದಲೇ ಅದು ರಸ್ತೆ ಮಧ್ಯೆ ನಿಂತುಹೋಯಿತು. "ನೋಡಿದ್ರಾ, ಬಿಎಸ್6 ಅಂದ್ರೆ ಇಷ್ಟೇ" ಎಂದು ಎಲ್ಲರ ಹತ್ತಿರ ಹೇಳಿಕೊಂಡು ಓಡಾಡಿದೆ. ತಪ್ಪು ಬೈಕಿನದ್ದಾಗಿರಲಿಲ್ಲ. ನಾನು ಅದನ್ನು ಹಳೇ ಗಾಡಿಯ ಹಾಗೆ ಓಡಿಸಿದ್ದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮಗೂ ಇದೇ ಅಭ್ಯಾಸ ಇರಬಹುದು. ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಹಳೇ ಸಾಧನ) ಇದ್ದ ಗಾಡಿಯಲ್ಲಿ ನಾನು ಯಾವತ್ತೂ ಟ್ಯಾಂಕ್ ತುಂಬಿಸಿದವನಲ್ಲ. ನೂರು ರೂಪಾಯಿಗೆ ಹಾಕಿಸುವುದು, ರಿಸರ್ವ್ ಬಂದಾಗ ನಾಬ್ ತಿರುಗಿಸುವುದು, ಮತ್ತೆ ನೂರು ರೂಪಾಯಿ. ಹಾಗೆ ಮಾಡಿದರೆ ಆ ಗಾಡಿಗೆ ಏನೂ ಆಗುತ್ತಿರಲಿಲ್ಲ. ಅಲ್ಲಿ ಟ್ಯಾಂಕ್ ಮೇಲಿದೆ, ಕಾರ್ಬುರೇಟರ್ ಕೆಳಗಿದೆ, ಪೆಟ್ರೋಲ್ ತಾನಾಗಿ ಇಳಿದು ಬರುತ್ತದೆ. ಪೂರ್ತಿ ಖಾಲಿಯಾದರೂ ಬಾಟಲಿಯಲ್ಲಿ ತಂದು ಸುರಿದು ಕಿಕ್ ಹೊಡೆದರೆ ಆಯಿತು.

ಬಿಎಸ್6 ಬಂದ ಮೇಲೆ ಈ ಲೆಕ್ಕ ಬದಲಾಯಿತು. ಈ ನಿಯಮದ ಪ್ರಕಾರ ಬೈಕ್ ಒಂದು ಕಿಲೋಮೀಟರ್ ಓಡಿದರೆ ಕಾರ್ಬನ್ ಮೊನಾಕ್ಸೈಡ್ 1 ಗ್ರಾಂ ದಾಟಬಾರದು, ಹೈಡ್ರೋಕಾರ್ಬನ್ 0.1 ಗ್ರಾಂ, ನೈಟ್ರೋಜನ್ ಆಕ್ಸೈಡ್‌ಗಳು 0.06 ಗ್ರಾಂ ದಾಟಬಾರದು. ಇಷ್ಟು ಬಿಗಿಯಾದ ಮಿತಿಯೊಳಗೆ ಇರಬೇಕಾದರೆ ಪ್ರತಿ ಹನಿಯನ್ನೂ ಅಳೆದು ಕೊಡಬೇಕು. ಅದಕ್ಕೇ ಹೆಚ್ಚುಕಡಿಮೆ ಎಲ್ಲಾ ಬೈಕ್‌ಗಳಿಗೂ ಕಾರ್ಬುರೇಟರ್ ಬದಲು ಫ್ಯೂಯೆಲ್ ಇಂಜೆಕ್ಷನ್, ಅಂದರೆ ಪೆಟ್ರೋಲನ್ನು ಅಳೆದು ಇಂಜೆಕ್ಟರ್‌ನಿಂದ ಸಿಂಪಡಿಸುವ ವ್ಯವಸ್ಥೆ ಬಂತು. ಇಂಜೆಕ್ಟರ್‌ಗೆ ಪೆಟ್ರೋಲ್ ಒತ್ತಡದಲ್ಲಿ ಸಿಗಬೇಕು, ಸುಮಾರು 3 ಬಾರ್. ಆ ಒತ್ತಡ ಕೊಡುವ ಮೋಟಾರ್ ಪಂಪ್ ಟ್ಯಾಂಕಿನ ಒಳಗೇ ಕೂತಿರುತ್ತದೆ. ಕೀ ಆನ್ ಮಾಡಿದಾಗ ಎರಡು ಸೆಕೆಂಡ್ ಝುಂಯ್ ಅನ್ನುತ್ತದಲ್ವಾ, ಅದೇ.

ಆ ಪಂಪ್ ತಣ್ಣಗಿರುವುದು ಸುತ್ತ ಇರುವ ಪೆಟ್ರೋಲಿನಿಂದ. ಅದಕ್ಕೆ ಆಯಿಲ್‌ನಂತೆ ಕೆಲಸ ಮಾಡುವುದೂ ಅದೇ ಪೆಟ್ರೋಲ್. ನಾನು ದಿನವೂ ಕೊನೆಯ ಗೆರೆ ಮಿನುಗುತ್ತಿರುವಾಗಲೇ ಓಡಿಸುತ್ತಿದ್ದೆ. ಪೆಟ್ರೋಲ್ ತಳ ಸೇರಿದಾಗ ಪಂಪ್ ಗಾಳಿ ಎಳೆಯುತ್ತದೆ, ಕಾಯುತ್ತದೆ, ಸವೆಯುತ್ತದೆ. ಇನ್ನೊಂದು ವಿಷಯ ಇದೆ. ಖಾಲಿ ಟ್ಯಾಂಕಿನಲ್ಲಿ ತುಂಬಿರುವುದು ಗಾಳಿ. ರಾತ್ರಿ ತಂಪಿಗೆ ಅದರ ತೇವ ಒಳಗೋಡೆಯ ಮೇಲೆ ನೀರಾಗುತ್ತದೆ. ನಮ್ಮ ಪೆಟ್ರೋಲಿನಲ್ಲಿರುವ ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎಥನಾಲ್ ಸಮೇತ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಪಂಪ್ ಇರುವುದೂ ತಳದಲ್ಲೇ. ಮೊದಲು ಏರಿನಲ್ಲಿ ಬೈಕ್ ತಡವರಿಸತೊಡಗಿತು. ಇದು ಬಿಎಸ್6 ಕಾಟ ಅಂದುಕೊಂಡು ಸುಮ್ಮನಾದೆ. ಆಮೇಲೆ ಒಂದು ದಿನ ಕೀ ತಿರುಗಿಸಿದರೆ ಝುಂಯ್ ಸದ್ದೇ ಇಲ್ಲ. ತಳ್ಳಿ ಸ್ಟಾರ್ಟ್ ಮಾಡಲು ನೋಡಿದೆ. ಪಂಪ್ ಸತ್ತ ಮೇಲೆ ಎಷ್ಟು ತಳ್ಳಿದರೂ ಪೆಟ್ರೋಲ್ ಇಂಜಿನ್ ತಲುಪುವುದಿಲ್ಲ. ಟ್ಯಾಂಕ್ ಬಿಚ್ಚಿದಾಗ ತಳದಲ್ಲಿ ನೀರು, ತುಕ್ಕು. ವಾರಂಟಿ ಸಿಗಲಿಲ್ಲ. ಇಡೀ ಪಂಪ್ ಸೆಟ್ ಬದಲಿಸಬೇಕಾಯಿತು.

ಅದಾದ ಮೇಲೆ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಸುವುದೇ ಕಡಿಮೆ. ಅದೇ ಬೈಕ್ ಈಗಲೂ ನನ್ನ ಹತ್ತಿರ ಇದೆ, ಮತ್ತೆ ಕೈಕೊಟ್ಟಿಲ್ಲ.

ಹಾಗಾಗಿ "ಬಿಎಸ್6 ಗಟ್ಟಿಯಿಲ್ಲ" ಎಂದು ಶುರು ಮಾಡುವುದನ್ನೇ ನಾನು ಒಪ್ಪುವುದಿಲ್ಲ. ನಿಯಮ ಬೈಕನ್ನು ದುರ್ಬಲ ಮಾಡಲಿಲ್ಲ, ನೋಡಿಕೊಳ್ಳಬೇಕಾದ ಜಾಗ ಬದಲಾಯಿತು. ಪಿಕಪ್ ಹೋಯಿತು ಅನ್ನುವುದೂ ಅರ್ಧ ಸತ್ಯ. ಸ್ಪ್ಲೆಂಡರ್ ಪ್ಲಸ್ ಇಂಜಿನ್ ಶಕ್ತಿ 8.36 ಪಿಎಸ್‌ನಿಂದ (ಪಿಎಸ್ ಅಂದರೆ ಅಶ್ವಶಕ್ತಿಯ ಒಂದು ಅಳತೆ) 8.02ಕ್ಕೆ ಇಳಿಯಿತು, ನಿಜ. ಆದರೆ ಪಲ್ಸರ್ ಎನ್‌ಎಸ್200 ಇಂಜೆಕ್ಷನ್ ಬಂದ ಮೇಲೆ 23.5ರಿಂದ 24.5ಕ್ಕೆ ಏರಿತು. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು ಒದ್ದಾಡುವ ಕೆಲಸವೂ ತಪ್ಪಿತು.

ಕಳೆದುಕೊಂಡದ್ದೂ ಇದೆ. ಬೆಲೆ ಏರಿತು. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಇಂಜಿನ್ ಹತ್ತಿರ ಇರುವ ಗಾಡಿಗಳಲ್ಲಿ ಕಾಲಿಗೆ ಬಿಸಿ ತಟ್ಟುತ್ತದೆ. ರಾಯಲ್ ಎನ್‌ಫೀಲ್ಡ್‌ನ 500 ಸಿಸಿ ಸಿಂಗಲ್, ಬಜಾಜ್ ಡಿಸ್ಕವರ್ ಇವೆಲ್ಲ ಬಿಎಸ್6ಗೆ ಬರದೇ ನಿಂತುಹೋದವು. ಸ್ಕ್ರೂಡ್ರೈವರ್ ಹಿಡಿದು ಟ್ಯೂನಿಂಗ್ ಮಾಡಿಕೊಡುತ್ತಿದ್ದ ಮೆಕ್ಯಾನಿಕ್‌ಗೆ ಈಗ ಸ್ಕ್ಯಾನರ್ ಬೇಕು. ಇದು ನನಗೂ ಬೇಜಾರೇ. ಆದರೆ ಸಿಗ್ನಲ್‌ನಲ್ಲಿ ನಮ್ಮ ಸೈಲೆನ್ಸರ್ ಹಿಂದೆಯೇ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಸ್ಕೂಟರ್‌ನಲ್ಲಿ ಬರುವವರು ಇರುತ್ತಾರೆ. ಆ ಮಗು ಉಸಿರಾಡುವುದು ನಮ್ಮ ಹೊಗೆಯನ್ನೇ. ಅರ್ಧ ಪಿಎಸ್‌ಗೋಸ್ಕರ ಕ್ಯಾಟ್ ತೆಗೆಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಬಿಎಸ್4 ಬೇಡ ಅನ್ನಲು ಇನ್ನೊಂದು ಕಾರಣ, ಇ20 ಪೆಟ್ರೋಲ್. ಈಗ ಬಂಕ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ, 20 ಪರ್ಸೆಂಟ್ ಎಥನಾಲ್. ಹಳೇ ಬೈಕ್‌ಗಳ ರಬ್ಬರ್ ಪೈಪ್, ಗ್ಯಾಸ್ಕೆಟ್‌ಗಳನ್ನು ಇದನ್ನು ಲೆಕ್ಕಕ್ಕಿಟ್ಟು ಮಾಡಿರಲಿಲ್ಲ. 2023ರ ಏಪ್ರಿಲ್‌ನಿಂದ ಬಂದ ಗಾಡಿಗಳಲ್ಲಿ ಈ ಭಾಗಗಳು ಇ20 ತಡೆಯುವಂಥವು. ಅಂದಿನಿಂದಲೇ ಒಬಿಡಿ-2 ಕೂಡ ಬಂದಿದೆ. ಸೆನ್ಸರ್‌ಗಳಲ್ಲಿ ತೊಂದರೆ ಕಂಡರೆ ಗಾಡಿಯೇ ಗುರುತು ಮಾಡಿಟ್ಟುಕೊಳ್ಳುತ್ತದೆ. 2025ರ ಏಪ್ರಿಲ್‌ನಲ್ಲಿ ಬಂದ ಒಬಿಡಿ-2ಬಿ ಹಂತದಲ್ಲಿ ಕ್ಯಾಟ್ ಸವೆದಿದೆಯಾ ಎಂಬುದನ್ನೂ ನೋಡುತ್ತದೆ.

ದುಡ್ಡು ಹೊಂದುವುದಾದರೆ ಹೊಸದನ್ನೇ ತಗೊಳ್ಳಿ. ಸೆಕೆಂಡ್ ಹ್ಯಾಂಡೇ ಬೇಕು ಅಂದರೆ 2023ರ ಏಪ್ರಿಲ್ ನಂತರದ್ದು ಹುಡುಕಿ. ನೋಡಲು ಹೋದಾಗ ಮೊದಲು ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಮೀಟರ್‌ನಲ್ಲಿ ಹಳದಿ ಇಂಜಿನ್ ಲೈಟ್ ಹೊತ್ತಿಕೊಳ್ಳಬೇಕು, ಇಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಆರದಿದ್ದರೆ ಏನೋ ತೊಂದರೆ ಇದೆ. ಮೊದಲೇ ಹೊತ್ತಿಕೊಳ್ಳದಿದ್ದರೆ ಲೈಟನ್ನೇ ಕತ್ತರಿಸಿರಬಹುದು, ಅಂಥದ್ದನ್ನು ಎಷ್ಟು ಕಡಿಮೆಗೆ ಕೊಟ್ಟರೂ ಮುಟ್ಟಬೇಡಿ. ಜೊತೆಗೆ ಟ್ಯಾಂಕ್ ಮುಚ್ಚಳ ತೆಗೆಸಿ, ಒಳಗೆ ಟಾರ್ಚ್ ಬಿಟ್ಟು ತುಕ್ಕು ನೋಡಿ.