ಗಂಗಾ ಒಪ್ಪಂದದ ಮೇಲೆ ಪಿಎಚ್‌ಡಿ: ಮಾರ್ಗದರ್ಶಕರ ಆಯ್ಕೆ
ಭಾರತ–ಬಾಂಗ್ಲಾದೇಶ ಗಂಗಾ ನೀರು ಹಂಚಿಕೆ ಕುರಿತು ಜೆಎನ್‌ಯುನಲ್ಲಿ ಪಿಎಚ್‌ಡಿ ಮಾಡಲು, ಪ್ರಾಧ್ಯಾಪಕರ ಪುಟದ ‘ಆಸಕ್ತಿಯ ವಿಷಯಗಳು’ ನೋಡಿ ಮಾರ್ಗದರ್ಶಕರನ್ನು ಆರಿಸಬಹುದೇ ಎಂದು ಕೇಳಿದ್ದೀರಿ. ಅದೊಂದನ್ನೇ ನಂಬಬೇಡಿ. ‘ದಕ್ಷಿಣ ಏಷ್ಯಾ, ಭದ್ರತೆ’ ಎಂದು ಹಾಕಿಕೊಂಡವರು ಪಾಕಿಸ್ತಾನದ ಸೇನೆಯ ಬಗ್ಗೆ ಮಾತ್ರ ಕೆಲಸ ಮಾಡಿರಬಹುದು. ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಮಹಾಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ಮಾರ್ಗದರ್ಶಕರ ಹೆಸರಿನಿಂದ ಹುಡುಕಿ, ಅವರ ಕೈಕೆಳಗೆ ಬಂದ ಇತ್ತೀಚಿನ ನಾಲ್ಕೈದು ಮಹಾಪ್ರಬಂಧಗಳ ಮೊದಲ ಅಧ್ಯಾಯ ಓದಿ. ಯಾವ ಬಗೆಯ ಪ್ರಶ್ನೆಗೆ, ಯಾವ ವಿಧಾನಕ್ಕೆ ಅವರು ಒಪ್ಪುತ್ತಾರೆಂಬುದು ಅಲ್ಲೇ ಗೊತ್ತಾಗುತ್ತದೆ.

ಜೆಎನ್‌ಯುನ ಯಾವ ಅಧ್ಯಯನ ಕೇಂದ್ರಕ್ಕೆ ಸೇರುತ್ತೀರಿ ಎಂಬ ಆಯ್ಕೆ ಇನ್ನೂ ಮುಖ್ಯ. 1996ರ ಒಪ್ಪಂದ 30 ವರ್ಷಗಳದ್ದು. ಜನವರಿಯಿಂದ ಮೇವರೆಗೆ ಪಶ್ಚಿಮ ಬಂಗಾಳದ ಫರಕ್ಕಾ ಬ್ಯಾರೇಜಿನಲ್ಲಿ ಹತ್ತು ಹತ್ತು ದಿನದ ಲೆಕ್ಕದಲ್ಲಿ ನೀರು ಹಂಚುವ ಸೂತ್ರ, ಅದರ ಕಲಮುಗಳ ವ್ಯಾಖ್ಯಾನ ನಿಮ್ಮ ಪ್ರಶ್ನೆಯಾದರೆ ಅಂತರರಾಷ್ಟ್ರೀಯ ಕಾನೂನು ಅಧ್ಯಯನ ಕೇಂದ್ರ ಸರಿ. ದೆಹಲಿ, ಢಾಕಾ, ಕೋಲ್ಕತ್ತಾಗಳ ರಾಜಕಾರಣವಾದರೆ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರ. ಎರಡನ್ನೂ ಬೆರೆಸಿದ ಪ್ರಸ್ತಾವನೆ ಸಂದರ್ಶನದಲ್ಲಿ ಬೀಳುವ ಅಪಾಯ ಹೆಚ್ಚು.

ಸೀಟಿನ ವಿಷಯ: 2022ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಂತೆ ಒಬ್ಬ ಪ್ರೊಫೆಸರ್‌ಗೆ ಒಮ್ಮೆಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4 ಪಿಎಚ್‌ಡಿ ವಿದ್ಯಾರ್ಥಿಗಳ ಮಿತಿ. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ಹೆಸರಾಂತ ಹಿರಿಯರೊಬ್ಬರನ್ನೇ ನೆಚ್ಚಿ ಪ್ರಸ್ತಾವನೆ ಬರೆಯಬೇಡಿ. ಇಮೇಲ್‌ನಲ್ಲಿ ಒಂದು ಪುಟದ ಟಿಪ್ಪಣಿ ಕಳಿಸಿ, ಜಾಗ ಇದೆಯೇ ಎಂದು ಮೊದಲೇ ಕೇಳಿ.